ನಿನ್ನೆ ಕೂಸು ಎಂತ ತಿಂತು?

ಹೋದ ತಿಂಗಳು ಮಗಳನ್ನು ಶಿವಮೊಗ್ಗಕ್ಕೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆವು. ಸಣ್ಣ ಶೀತ, ಅಷ್ಟೇ. ಕಿವಿ, ಗಂಟಲು ನೋಡಿದ ಮೇಲೆ ಅವರು ಕೇಳಿದರು, "ಊಟ ಹೇಗೆ ಮಾಡ್ತಾಳೆ?" ನನ್ನ ಬಾಯಿಂದ ತಕ್ಷಣ ಬಂತು: "ಏನೂ ತಿನ್ನಲ್ಲ ಡಾಕ್ಟ್ರೇ."

ಅವರು ಮಗಳನ್ನು ತಕ್ಕಡಿಯ ಮೇಲೆ ಕೂರಿಸಿದರು. 10 ಕೆ.ಜಿ. 200 ಗ್ರಾಂ. ತಾಯಿ ಕಾರ್ಡಿನ ಗೆರೆಯ ಮೇಲೆ ಪೆನ್ನಿನ ತುದಿ ಇಟ್ಟು ತೋರಿಸಿದರು. ಹುಟ್ಟಿದಾಗಿನಿಂದ ಹಿಡಿದ ದಾರಿಯಲ್ಲೇ ಹೋಗುತ್ತಿದ್ದಾಳೆ. "ಏನೂ ತಿನ್ನದ ಮಗು ಹೀಗೆ ಬೆಳೆಯಲ್ಲಮ್ಮ" ಅಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ, ಗಾಜನೂರು ದಾಟಿ ಮಂಡಗದ್ದೆ ಬರುವವರೆಗೂ ಅದೇ ಯೋಚನೆ. ಆ ಉತ್ತರ ನನಗೆ ಹೊಸದಲ್ಲ. ಮದುವೆಗೆ ಮುಂಚೆ ಎರಡು ವರ್ಷ ನಾನು ಮಕ್ಕಳ ಆಹಾರದ ಒಂದು ಸರ್ವೆಯಲ್ಲಿ ಕೆಲಸ ಮಾಡಿದ್ದೆ. ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ, ಜಗಲಿಯಲ್ಲಿ ಕೂತು, ಒಂದೇ ಪ್ರಶ್ನೆ ಕೇಳುವುದು: ನಿನ್ನೆ ಮಗು ಏನೇನು ತಿಂತು? "ಏನೂ ತಿನ್ನಲ್ಲ ಮೇಡಂ" ಅನ್ನುವ ಉತ್ತರವನ್ನು ಎಷ್ಟು ತಾಯಂದಿರಿಂದ ಕೇಳಿದ್ದೇನೋ ಲೆಕ್ಕವಿಲ್ಲ. ಆಗ ನನಗೆ ಅದು ಉತ್ತರವೇ ಅಲ್ಲ ಅನ್ನಿಸುತ್ತಿತ್ತು. "ಹಾಗಂದ್ರೆ ಆಗಲ್ಲ, ಸರಿಯಾಗಿ ನೆನಪು ಮಾಡ್ಕೊಳ್ಳಿ" ಅನ್ನುತ್ತಿದ್ದೆ. ಈಗ ಅದೇ ಮಾತು ನನ್ನ ಬಾಯಲ್ಲಿ. ಸುಳ್ಳು ಹೇಳಿದೆನಾ? ಇಲ್ಲ. ಆ ಕ್ಷಣಕ್ಕೆ ನನಗೆ ಅದು ನಿಜವೇ ಆಗಿತ್ತು. ಆದರೆ ಅದರಲ್ಲಿ ಇದ್ದದ್ದು ಮಗಳು ತಿಂದ ಅನ್ನದ ಲೆಕ್ಕವಲ್ಲ, ನನ್ನ ಚಿಂತೆಯ ಲೆಕ್ಕ.

ಮನೆಗೆ ಬಂದ ಮೇಲೆ ಅಟ್ಟ ಹತ್ತಿ ಹಳೆಯ ಬಟ್ಟೆ ಚೀಲ ಇಳಿಸಿದೆ. ಅದರಲ್ಲಿ ಸರ್ವೆ ಕಾಲದ ಸ್ಟೀಲ್ ಬಟ್ಟಲುಗಳಿವೆ. ದೊಡ್ಡದರೊಳಗೆ ಚಿಕ್ಕದು ಕೂರುವ ಹಾಗೆ. ಪ್ರತಿಯೊಂದರ ತಳದಲ್ಲೂ ಎಷ್ಟು ಮಿಲಿಲೀಟರ್ ಹಿಡಿಯುತ್ತದೆ ಅಂತ ನಾನೇ ಕೆಂಪು ಬಣ್ಣದಲ್ಲಿ ಬರೆದಿದ್ದೆ. ಕೆಲವು ಅಳಿಸಿ ಹೋಗಿವೆ.

ಆ ಬಟ್ಟಲುಗಳ ಕೆಲಸ ಹೀಗೆ. ತಾಯಿ "ಸ್ವಲ್ಪ ಅನ್ನ ಹಾಕಿದೆ" ಅನ್ನುತ್ತಾರೆ. ಸ್ವಲ್ಪ ಅಂದರೆ ಎಷ್ಟು? ಬಟ್ಟಲುಗಳನ್ನು ಸಾಲಾಗಿ ಇಟ್ಟು, "ಇದರಲ್ಲಿ ಯಾವುದರಷ್ಟು?" ಅಂತ ಕೇಳಬೇಕು. ಮನೆಯಲ್ಲಿ ಎಷ್ಟು ಅಕ್ಕಿ ಬೇಯಿಸಿದರು, ಅನ್ನ ಒಟ್ಟು ಎಷ್ಟಾಯಿತು, ಅದರಲ್ಲಿ ಮಗುವಿನ ಪಾಲು ಎಷ್ಟು. 400 ಗ್ರಾಂ ಅಕ್ಕಿಯಿಂದ 1,600 ಮಿಲಿಲೀಟರ್ ಅನ್ನ ಆಗಿದ್ದರೆ, ಮಗು 80 ಮಿಲಿಲೀಟರ್ ತಿಂದಿದ್ದರೆ, ಅದರ ಹೊಟ್ಟೆಗೆ ಹೋದದ್ದು 20 ಗ್ರಾಂ ಅಕ್ಕಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ 528 ಆಹಾರಗಳ ಸತ್ವದ ಪಟ್ಟಿ ಹೊರತಂದಿದೆ. ಅಂಥ ಪಟ್ಟಿ ನೋಡಿದರೆ 20 ಗ್ರಾಂ ಅಕ್ಕಿಗೆ ಸುಮಾರು 70 ಕ್ಯಾಲೊರಿ. ಕಾಗದದ ಮೇಲೆ ಎಷ್ಟು ಅಚ್ಚುಕಟ್ಟು ಅಲ್ವಾ?

ಆದರೆ ಸಾರಿನ ವಿಷಯಕ್ಕೆ ಬನ್ನಿ. 100 ಗ್ರಾಂ ತೊಗರಿಬೇಳೆ ಹಾಕಿ ಎರಡು ಲೀಟರ್ ಸಾರು ಮಾಡಿದ್ದಾರೆ. ಮಗುವಿಗೆ 100 ಮಿಲಿಲೀಟರ್ ಬಡಿಸಿದ್ದಾರೆ. ಲೆಕ್ಕದ ಪ್ರಕಾರ ಮಗುವಿಗೆ 5 ಗ್ರಾಂ ಬೇಳೆ ಸಿಕ್ಕಿತು. ನಿಜವಾಗಿ? ನಮ್ಮ ಕಡೆ ಸಣ್ಣ ಮಕ್ಕಳಿಗೆ ಸಾರು ಬಡಿಸುವುದನ್ನು ನೋಡಿದವರಿಗೆ ಗೊತ್ತು. ಸೌಟನ್ನು ಕಲಕದೆ ಮೇಲಿನ ತಿಳಿಯನ್ನಷ್ಟೇ ಎತ್ತುತ್ತಾರೆ. ತಳದಲ್ಲಿ ಖಾರ ಇರುತ್ತದೆ, ಕೂಸಿಗೆ ಆಗಲ್ಲ ಅಂತ. ಬೇಳೆಯೂ ಅಲ್ಲೇ ತಳದಲ್ಲಿ ಇರುತ್ತದೆ. ಇನ್ನು ಕೆಲವು ಮನೆಗಳಲ್ಲಿ ಒಗ್ಗರಣೆಗೆ ಮುಂಚೆಯೇ ಬೆಂದ ಬೇಳೆಯನ್ನು ಒಂದು ಸೌಟು ತೆಗೆದು, ತುಪ್ಪ ಉಪ್ಪು ಹಾಕಿ ಕಿವುಚಿ ಕೊಡುತ್ತಾರೆ. ಆ ಮಗುವಿಗೆ ಅದರ ಎಷ್ಟೋ ಪಟ್ಟು ಬೇಳೆ ಸಿಗುತ್ತದೆ. ಎರಡೂ ತಾಯಂದಿರು ಹೇಳುವುದು ಒಂದೇ ಮಾತು, "ಸಾರನ್ನ." "ಸೌಟು ಕಲಕಿ ಹಾಕಿದ್ರಾ, ಮೇಲಿಂದ ತೆಗೆದ್ರಾ?" ಅಂತ ಕೇಳದೆ ಇದ್ದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಅದನ್ನು ಕೇಳಬೇಕು ಅಂತ ಯಾವ ತರಬೇತಿಯಲ್ಲೂ ನನಗೆ ಹೇಳಿರಲಿಲ್ಲ. ಒಬ್ಬ ತಾಯಿ ನನ್ನೆದುರಿಗೇ ಬಡಿಸಿದಾಗ ಕಂಡದ್ದು.

ಸರ್ವೆಯ ದಿನಗಳಲ್ಲಿ ಮರೆಯಲಾಗದ ಮನೆ ಒಂದಿದೆ. ಹೊಸನಗರದ ಕಡೆ, ರಸ್ತೆಯಿಂದ ಎರಡು ಸಂಕ, ಅಂದರೆ ಹಳ್ಳದ ಮೇಲಿನ ಕಾಲುಸೇತುವೆ, ದಾಟಿ ಹೋಗಬೇಕಿದ್ದ ಮನೆ. ಮಳೆಗಾಲ. ತಾಯಿ ಬೇರೆಯವರ ತೋಟದ ಕೆಲಸಕ್ಕೆ ಹೋಗುವವರು. ಅವತ್ತು ನನಗೋಸ್ಕರ ತಡವಾಗಿ ಹೊರಟಿದ್ದರು. ಫಾರಂನಲ್ಲಿ ತಾಯಿಯೇ ಉತ್ತರ ಹೇಳಬೇಕು ಅಂತ ಇತ್ತು. ಆ ನಿಯಮಕ್ಕೆ ಅರ್ಥ ಇದೆ. ಎದೆಹಾಲಿನ ವಿಷಯ ತಾಯಿಗೆ ಮಾತ್ರ ಗೊತ್ತಿರುತ್ತದೆ, ಮನೆಗೊಬ್ಬರ ಹಾಗೆ ಬೇರೆ ಬೇರೆ ಜನ ಉತ್ತರ ಕೊಟ್ಟರೆ ಹೋಲಿಸುವುದು ಕಷ್ಟ. ನಾನು ಕೇಳುತ್ತಾ ಹೋದೆ. ಅವರು ಹೇಳುತ್ತಾ ಹೋದರು. ಬೆಳಿಗ್ಗೆ ಗಂಜಿ. ಮಧ್ಯಾಹ್ನ ಅನ್ನ. ರಾತ್ರಿ ಅನ್ನ, ಎದೆಹಾಲು. ಮೊಟ್ಟೆ ಇಲ್ಲ, ಮೀನು ಇಲ್ಲ, ಸೊಪ್ಪು ಇಲ್ಲ. ಪಕ್ಕದಲ್ಲೇ ಅಜ್ಜಿಯೊಬ್ಬರು ಕೆಸುವಿನ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಒಂದು ಮಾತೂ ಆಡಲಿಲ್ಲ.

ನಾನು ಫಾರಂ ಮುಚ್ಚಿ, ಸಹಿ ಹಾಕಿಸಿಕೊಂಡು, ಛತ್ರಿ ಬಿಚ್ಚಿ ಅಂಗಳಕ್ಕೆ ಇಳಿದಾಗ ಅಜ್ಜಿ ಅಂದರು, "ಮಧ್ಯಾಹ್ನ ಮೀನು ಮುಳ್ಳು ತೆಗ್ದು ತೆಗ್ದು ಸಾಕಾತು ನಂಗೆ. ಎರಡು ತುಂಡು ತಿಂತು ಕೂಸು."

ನಾನು ನಿಂತುಬಿಟ್ಟೆ. "ಮುಂಚೆ ಹೇಳ್ಬಾರ್ದಿತ್ತಾ ಅಜ್ಜಿ?"

"ನನ್ನ ಯಾರೂ ಕೇಳ್ಲಿಲ್ವಲ್ಲ ತಂಗಿ."

ಆ ಮಗುವಿಗೆ ಹಗಲೆಲ್ಲ ಉಣ್ಣಿಸುತ್ತಿದ್ದದ್ದು ಅಜ್ಜಿ. ತಾಯಿ ಹೇಳಿದ್ದು ತಾನು ಬೆಳಿಗ್ಗೆ ಮಾಡಿಟ್ಟು ಹೋದ ಅಡುಗೆ. ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಹತ್ತಿ ಬರುವ ಮೀನನ್ನು ಪಕ್ಕದ ಮನೆಯವರು ಹಿಡಿದು ಕೊಟ್ಟಿದ್ದು ಅವರಿಗೆ ಗೊತ್ತೇ ಇರಲಿಲ್ಲ. ಸಂಜೆ ನಮ್ಮ ಮೇಲಿನವರನ್ನು ಕೇಳಿದೆ. ತಾಯಿ ಹೇಳಿದ್ದೇ ಇರಲಿ, ತಿದ್ದುವುದು ಬೇಡ ಅಂದರು. ನಾನೂ ಸುಮ್ಮನಾದೆ. ಹಾಗಾಗಿ ಆ ಮಗು ಅವತ್ತು ಮೀನು ತಿನ್ನದ ಮಕ್ಕಳ ಲೆಕ್ಕಕ್ಕೆ ಸೇರಿತು. ಸುಮ್ಮನಾದದ್ದು ತಪ್ಪು. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಎರಡು ಗಂಟೆ ಹೊತ್ತು ಎದುರಿಗೇ ಕೂತಿದ್ದ ಅಜ್ಜಿಯನ್ನು ನಾನು ಕೇಳಲಿಲ್ಲವಲ್ಲ ಅಂತ.

ಇಂಥ ಉತ್ತರಗಳ ಮೇಲೇ ದೊಡ್ಡ ದೊಡ್ಡ ಅಂಕಿಗಳು ನಿಲ್ಲುತ್ತವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತಾಯಂದಿರನ್ನು ಕೇಳುತ್ತದೆ: ನಿನ್ನೆ ಹಗಲು, ರಾತ್ರಿ ಮಗು ಏನು ತಿಂತು, ಎಷ್ಟು ಸಲ ತಿಂತು. 2019-21ರ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 6ರಿಂದ 23 ತಿಂಗಳ ಮಕ್ಕಳಲ್ಲಿ ಸಾಕಷ್ಟು ಆಹಾರ ಸಿಗುತ್ತಿದ್ದದ್ದು ಶೇಕಡಾ 11.3 ಮಕ್ಕಳಿಗೆ ಮಾತ್ರ. ಅದಕ್ಕಿಂತ ಮುಂಚೆ, 2015-16ರಲ್ಲಿ, ಶೇಕಡಾ 9.6. ಒಂದೊಂದು ಮನೆಯಲ್ಲಿ ಒಂದೊಂದು ಮೀನಿನ ತುಂಡು ತಪ್ಪಿಹೋದರೂ ಈ ಅಂಕಿ ಸುಳ್ಳಾಗಿಬಿಡುವುದಿಲ್ಲ. ಬಡತನ ಅಷ್ಟು ನಿಜ. ಒಂದೇ ದಿನದ ಉತ್ತರದಿಂದ ಒಂದು ಮಗುವಿನ ಬಗ್ಗೆ ಏನೂ ಹೇಳಲು ಬರುವುದಿಲ್ಲ, ಆದರೆ ಸಾವಿರಾರು ಮಕ್ಕಳ ಬಗ್ಗೆ ಒಟ್ಟಾಗಿ ಹೇಳಲು ಬರುತ್ತದೆ. ಇವತ್ತು ಸಂತೆಯ ಮಾರನೇ ದಿನದ ಮನೆ, ನಾಳೆ ಸಂತೆಯ ಹಿಂದಿನ ದಿನದ ಮನೆ, ಒಂದಕ್ಕೊಂದು ಸರಿಹೋಗುತ್ತದೆ. ಸರಿಹೋಗದೆ ಇರುವುದು ಎಲ್ಲ ಮನೆಯಲ್ಲೂ ಒಂದೇ ಥರ ಬಿಟ್ಟುಹೋಗುವ ವಿಷಯ. ಅಜ್ಜಿ ಉಣ್ಣಿಸಿದ್ದು ಹಾಗೆ ಬಿಟ್ಟುಹೋಗುತ್ತದೆ.

ಉಲ್ಟಾ ಆಗುವುದೂ ಉಂಟು. ತೀರ್ಥಹಳ್ಳಿ ಹತ್ತಿರದ ಒಂದು ಮನೆಯಲ್ಲಿ ತಾಯಿ ಪಟಪಟ ಅಂತ ಹೇಳಿದರು. ಬೆಳಿಗ್ಗೆ ಹಾಲು, ರಾಗಿ ಮಣ್ಣಿ. ಹತ್ತು ಗಂಟೆಗೆ ಮೊಟ್ಟೆ. ಮಧ್ಯಾಹ್ನ ಅನ್ನ, ಬೇಳೆ, ಕ್ಯಾರೆಟ್ ಪಲ್ಯ. ಅಂಗನವಾಡಿ ಗೋಡೆಯ ಚಿತ್ರವನ್ನು ಓದಿದ ಹಾಗಿತ್ತು. ಅಷ್ಟರಲ್ಲಿ ಮಗು ಎದ್ದು ಬಂದು ಸೆರಗು ಎಳೆಯಿತು. "ಕಾಪಿ, ಕಾಪಿ." ಒಳಗಿಂದ ಬಂದ ಅಕ್ಕ ಒಂದು ಲೋಟ ಬೆಲ್ಲದ ಕಾಪಿ, ಎರಡು ಟೋಸ್ಟ್ ತಂದಿಟ್ಟಳು. ಮಗು ಅಭ್ಯಾಸವಿದ್ದ ಹಾಗೆ ಟೋಸ್ಟ್ ಅದ್ದಿ, ಅದು ಮುರಿದು ಬೀಳುವ ಮುಂಚೆ ಬಾಯಿಗೆ ಹಾಕಿಕೊಂಡಿತು. ತಾಯಿ ತಲೆ ಬಗ್ಗಿಸಿದರು.

ಅವರನ್ನು ಸುಳ್ಳುಗಾರ್ತಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಪೆನ್ನು, ಪ್ಯಾಡು ಹಿಡಿದು, ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡು ಮನೆಗೆ ಬಂದವಳು "ಮಗುವಿಗೆ ಏನು ಕೊಟ್ಟಿರಿ?" ಅಂದರೆ ಯಾವ ತಾಯಿಗೂ ಅದು ಪರೀಕ್ಷೆಯ ಹಾಗೆಯೇ ಕೇಳುತ್ತದೆ. ಅವರು ಹೇಳಿದ್ದು ತಾನು ಕೊಡಬೇಕು ಅಂದುಕೊಂಡಿದ್ದ ಊಟ. ನಾನು ಪೆನ್ನು ಕೆಳಗಿಟ್ಟೆ. ನಮ್ಮಕ್ಕನ ಮಗನೂ ಹೀಗೇ ಟೋಸ್ಟ್ ಇಲ್ಲದೆ ಬೆಳಿಗ್ಗೆ ಏಳಲ್ಲ ಅಂದೆ. ಅದು ನಿಜವೂ ಹೌದು. ಸ್ವಲ್ಪ ಹೊತ್ತಾದ ಮೇಲೆ ಅವರೇ ಮೊದಲಿನಿಂದ ಹೇಳಿದರು. ಮೊಟ್ಟೆ ಕೊಟ್ಟಿದ್ದು ಹೋದ ವಾರ. ಕ್ಯಾರೆಟ್ ಇರಲಿಲ್ಲ. ಆದರೆ ಎರಡು ಹೊತ್ತೂ ಒಂದೆಲಗದ ತಂಬುಳಿ ಹಾಕಿ ಅನ್ನ ಕಲಸಿದ್ದರು. ಅದನ್ನು ಹೇಳುವುದೇ ಬೇಡ ಅಂದುಕೊಂಡಿದ್ದರಂತೆ. "ಅದೆಂತ ದೊಡ್ಡ ಊಟನಾ ಮೇಡಂ?" ಅಂದರು. ಸೊಪ್ಪು, ಮಜ್ಜಿಗೆ ಎರಡೂ ಅದರಲ್ಲಿತ್ತು! ಇಲ್ಲದ ಕ್ಯಾರೆಟ್ ಬರೆದುಕೊಂಡು, ಇದ್ದ ಒಂದೆಲಗ ಬಿಟ್ಟು ಬರುತ್ತಿದ್ದೆ.

ಆಮೇಲೆ ನಾನು ಕೇಳುವ ರೀತಿ ಬದಲಾಯಿತು. ಮೊದಲು ಸುಮ್ನೆ ಹೇಳಲು ಬಿಡುವುದು, ನಡುವೆ ಬಾಯಿ ಹಾಕದೆ. ಆಮೇಲೆ ಬಿಟ್ಟುಹೋದದ್ದನ್ನು ಕೆದಕುವುದು: ನಡುವೆ ಹಣ್ಣು, ಬಿಸ್ಕತ್ತು, ಕಾಪಿ? ಯಾರ ಮನೆಗಾದರೂ ಹೋಗಿತ್ತಾ? ಆಮೇಲೆ ಹೊತ್ತು, ಅಳತೆ. ಕೊನೆಗೆ ಎಲ್ಲವನ್ನೂ ಓದಿ ಹೇಳುವುದು. ಇದನ್ನು ಪೋಷಣೆಯ ಅಧ್ಯಯನದವರು ಹಲವು ಸುತ್ತಿನ 24 ಗಂಟೆಯ ನೆನಪು ಅಂತ ಕರೆಯುತ್ತಾರೆ. ತರಬೇತಿಯಲ್ಲಿ ಅದನ್ನು ನಮಗೆ ಕಲಿಸಿದ್ದರು. ಅದು ಯಾಕೆ ಬೇಕು ಅನ್ನುವುದು ತಲೆಗೆ ಹೋದದ್ದು ಆ ಮನೆಯಲ್ಲಿ.

ಈ ಸಲ ಬಟ್ಟಲು ಇಳಿಸಿದ ಮೇಲೆ ಮೂರು ದಿನ ನನ್ನ ಮಗಳ ಊಟವನ್ನೇ ತೂಗಿ ನೋಡಿದೆ. ಅಡುಗೆಮನೆಯ ತಕ್ಕಡಿ ಸಾಕು. ಅವಳಿಗೆ ಈಗ ಒಂದು ವರ್ಷ ಹತ್ತು ತಿಂಗಳು. ಬಡಿಸುವ ಮುಂಚೆ ತೂಗುವುದು. ತಟ್ಟೆಯಲ್ಲಿ ಉಳಿದದ್ದನ್ನು ತೂಗುವುದು. ನೆಲ, ಮಡಿಲು, ಅಂಗಿಯ ತೋಳಿನಿಂದ ಹೆಕ್ಕಿ ಅದನ್ನೂ ತೂಗುವುದು.

ಮೊದಲ ದಿನ ಬೆಳಿಗ್ಗೆ ಅಕ್ಕಿ ರೊಟ್ಟಿ, ಬೆಣ್ಣೆ. ತಟ್ಟೆಗೆ ಹಾಕಿದ್ದು 48 ಗ್ರಾಂ. ಉಳಿದದ್ದು 17. ಬಿದ್ದದ್ದು 9. ತಿಂದದ್ದು 22 ಗ್ರಾಂ. ತೂಗದೆ ಇದ್ದಿದ್ದರೆ "ಅರ್ಧ ರೊಟ್ಟಿ ತಿಂದಳು" ಅಂತ ಧೈರ್ಯವಾಗಿ ಹೇಳುತ್ತಿದ್ದೆ. ಯಾಕೆಂದರೆ ನಾನು ಹಾಕಿದ್ದು ಅರ್ಧ ರೊಟ್ಟಿ. ಹಾಕಿದ್ದನ್ನೇ ತಿಂದದ್ದು ಅಂದುಕೊಳ್ಳುವುದು ನಮ್ಮೆಲ್ಲರ ಅಭ್ಯಾಸ.

ಎರಡನೇ ದಿನ ಮಧ್ಯಾಹ್ನ ಸಾರನ್ನ 120 ಗ್ರಾಂ ಹಾಕಿದೆ. 78 ಗ್ರಾಂ ಉಳಿಯಿತು, 15 ಗ್ರಾಂ ಚೆಲ್ಲಿತು. 27 ಗ್ರಾಂ ತಿಂದು ಮುಖ ತಿರುಗಿಸಿದಳು. ಇಂಥದ್ದೇ ಊಟಕ್ಕೆ ನಾನು "ಏನೂ ತಿನ್ನಲ್ಲ" ಅನ್ನುತ್ತಿದ್ದದ್ದು. ಆದರೆ ಅವತ್ತು ಇನ್ನೊಂದು ಕೆಲಸ ಮಾಡಿದ್ದೆ. ನಮ್ಮಲ್ಲಿ ಈಗ ಅಡಿಕೆ ಕೊಯ್ಲು. ಅಂಗಳದಲ್ಲಿ ಸುಲಿಯುವವರು ಆರೇಳು ಜನ ಇರುತ್ತಾರೆ. ಮಗಳು ಇಡೀ ದಿನ ಅವರ ನಡುವೆಯೇ. ಜಗಲಿಯ ಮೇಲೆ ಒಂದು ಖಾಲಿ ತಟ್ಟೆ ಇಟ್ಟು, "ಪುಟ್ಟಿಗೆ ಯಾರು ಏನು ಕೊಟ್ಟರೂ ಅಷ್ಟೇ ಇನ್ನೊಂದು ಪಾಲು ಈ ತಟ್ಟೆಗೆ ಹಾಕಿ" ಅಂದಿದ್ದೆ. ಇದೂ ಹಳೆಯ ವಿಧಾನವೇ. ಜೋಡಿ ತಟ್ಟೆ ಅನ್ನಬಹುದು.

ಸಂಜೆ ತಟ್ಟೆ ನೋಡಿ ನಾನು ಅಲ್ಲೇ ಕೂತುಬಿಟ್ಟೆ. ಅರ್ಧ ಬಾಳೆಹಣ್ಣು, ನನ್ನ ಯಜಮಾನರದ್ದು. ಪಪ್ಪಾಯಿ ಹೋಳು, ಅತ್ತೆಯದ್ದು. ಬೆಲ್ಲ ಹಾಕಿ ಕಲಸಿದ ಅವಲಕ್ಕಿ, ಸುಲಿಯಲು ಬರುವ ಅಕ್ಕ ತಮ್ಮ ಬುತ್ತಿಯಿಂದ ಕೊಟ್ಟದ್ದು. ಎರಡು ಬಿಸ್ಕತ್ತು. ಬೆಲ್ಲದ ಚೂರು, ಅದಕ್ಕೆ ಆಗಲೇ ಇರುವೆ ಹತ್ತಿತ್ತು. ಇರುವೆ ಕೊಡವಿ ತೂಗಿದೆ. ಒಟ್ಟು 114 ಗ್ರಾಂ. ಮಧ್ಯಾಹ್ನದ ಊಟದ ನಾಲ್ಕು ಪಟ್ಟಿಗಿಂತ ಜಾಸ್ತಿ, ನನ್ನ ಕಣ್ಣಿಗೆ ಬೀಳದೆ ಹೋಗಿತ್ತು. "ಮಧ್ಯಾಹ್ನ ಹಸಿವಿಲ್ಲ ಅದಕ್ಕೆ. ನೀ ಸುಮ್ನೆ ಕಣ್ಣಲ್ಲಿ ನೀರು ಹಾಕ್ಕಂಡಿ ಮಾರಾಯ್ತಿ" ಅಂದರು ಅತ್ತೆ.

1991ರಲ್ಲಿ ಅಮೆರಿಕದ ಲಿಯಾನ್ ಬರ್ಚ್ ಮತ್ತು ಸಂಗಡಿಗರು 2ರಿಂದ 5 ವರ್ಷದ 15 ಮಕ್ಕಳ ಊಟವನ್ನು ಆರು ದಿನ ಅಳೆದು ಬರೆದಿದ್ದರು. ಒಂದೊಂದು ಹೊತ್ತಿನ ಊಟ ನೋಡಿದರೆ ಪ್ರತಿ ಮಗುವಿನಲ್ಲೂ ಸರಾಸರಿ ಶೇಕಡಾ 34ರಷ್ಟು ಏರಿಳಿತ. ಇಡೀ ದಿನದ ಒಟ್ಟು ನೋಡಿದರೆ ಶೇಕಡಾ 10ರಷ್ಟೇ. ಒಂದು ಹೊತ್ತು ಬಿಟ್ಟದ್ದನ್ನು ಮಗು ಇನ್ನೊಂದು ಹೊತ್ತು ತುಂಬಿಕೊಳ್ಳುತ್ತದೆ. ತಾಯಿಗೆ ಮಾತ್ರ ಆ ಬಿಟ್ಟ ಹೊತ್ತೇ ನೆನಪಿರುತ್ತದೆ. ಇನ್ನೊಂದು ಮಾತು: ಸಣ್ಣ ಮಕ್ಕಳ ಹೊಟ್ಟೆ ಒಂದು ಕೆ.ಜಿ. ತೂಕಕ್ಕೆ ಸುಮಾರು 30 ಗ್ರಾಂ ಹಿಡಿಯುತ್ತದೆ ಅಂತ ಲೆಕ್ಕ. ನನ್ನ ಮಗಳಿಗೆ ಅದು 300 ಗ್ರಾಂ ಚಿಲ್ಲರೆ, ನೀರು ಹಾಲು ಎಲ್ಲ ಸೇರಿ. ನಾನು ಅವಳಿಂದ ಬಯಸುತ್ತಿದ್ದದ್ದು ನನ್ನ ಕಣ್ಣಿನ ಅಳತೆಯ ಊಟ.

ರಾತ್ರಿಯ ಎದೆಹಾಲನ್ನು ಮಾತ್ರ ಯಾವ ತಕ್ಕಡಿಯಲ್ಲೂ ತೂಗಲು ಆಗಲಿಲ್ಲ. ಕುಡಿಸುವ ಮುಂಚೆ, ಆಮೇಲೆ ಮಗುವನ್ನೇ ತೂಗುವ ಪದ್ಧತಿ ಇದೆ. ಮಲಗಿದ ಮಗುವನ್ನು ಎಬ್ಬಿಸಿ ತೂಗುವವರು ಯಾರು? ಸಂಶೋಧಕರು ಇದಕ್ಕೊಂದು ಚೆಂದದ ದಾರಿ ಹುಡುಕಿದ್ದಾರೆ. ಭಾರದ ಜಲಜನಕ, ಅಂದರೆ ಮಾಮೂಲಿಗಿಂತ ತೂಕ ಹೆಚ್ಚಿರುವ ಜಲಜನಕ, ಇರುವ ನೀರನ್ನು ಅಳತೆ ಮಾಡಿ ತಾಯಿಗೆ ಕುಡಿಸುತ್ತಾರೆ. ಎರಡು ವಾರ ತಾಯಿ ಮತ್ತು ಮಗು ಇಬ್ಬರ ಎಂಜಲನ್ನು ಆಗಾಗ ಪರೀಕ್ಷಿಸುತ್ತಾರೆ. ಆ ನೀರು ಹಾಲಿನ ಮೂಲಕ ಮಗುವಿಗೆ ಎಷ್ಟು ದಾಟಿತು ಅನ್ನುವುದರಿಂದ ಕುಡಿದ ಹಾಲು ಎಷ್ಟು ಅಂತ ತಿಳಿಯುತ್ತದೆ. ಯಾರನ್ನೂ ಏನೂ ಕೇಳಬೇಕಿಲ್ಲ. ಇಂಥದ್ದೇ ಇನ್ನೊಂದು ವಿಧಾನದಲ್ಲಿ ಭಾರದ ಜಲಜನಕದ ಜೊತೆ ಭಾರದ ಆಮ್ಲಜನಕವೂ ಇರುವ ನೀರು ಕೊಟ್ಟು, ಮೂತ್ರ ಪರೀಕ್ಷಿಸಿ, ಮಗು ದಿನಕ್ಕೆ ಎಷ್ಟು ಶಕ್ತಿ ಖರ್ಚು ಮಾಡುತ್ತದೆ ಅಂತ ಕಂಡುಹಿಡಿಯುತ್ತಾರೆ. ಅಪ್ಪ ಅಮ್ಮ ಹೇಳಿದ್ದು ಎಷ್ಟು ಸರಿ ಅಂತ ನೋಡಲು ಅದೇ ಒರೆಗಲ್ಲು. ಹಾಗೆ ಒರೆಗೆ ಹಚ್ಚಿದ ಅಧ್ಯಯನಗಳನ್ನೆಲ್ಲ 2010ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಒಟ್ಟಿಗೆ ನೋಡಿದರು. ಆರು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ತೂಗಿ ಬರೆಯುವುದೇ ವಾಸಿ ಅಂದರು. ನಾಲ್ಕರಿಂದ ಹನ್ನೊಂದು ವರ್ಷದವರಿಗೆ ಕನಿಷ್ಠ ಮೂರು ದಿನ, ರಜಾದಿನವೂ ಸೇರಿದ ಹಾಗೆ, ಅಪ್ಪ ಅಮ್ಮನನ್ನು ಹಲವು ಸುತ್ತು ಕೇಳುವುದು ಒಳ್ಳೆಯದು ಅಂದರು.

ತೂಗುವುದು ಎಲ್ಲ ಮನೆಗೂ ಆಗುವ ಮಾತಲ್ಲ. ತೋಟದ ಕೆಲಸಕ್ಕೆ ಹೋಗುವ ತಾಯಿ ನೆಲದ ಮೇಲಿನ ಅಗುಳು ಹೆಕ್ಕಿ ತೂಗುತ್ತಾ ಕೂರಲು ಆಗುತ್ತದಾ? ಅಲ್ಲಿ ಕೇಳುವುದೊಂದೇ ದಾರಿ. ಹಾಗಾಗಿಯೇ ಕೇಳುವ ಕೆಲಸವನ್ನು ಇಷ್ಟು ಹಗುರ ಮಾಡಬಾರದು ಅಂತ ನನಗೆ ಅನ್ನಿಸುವುದು. ದಿನಕ್ಕೆ ಇಷ್ಟು ಮನೆ ಮುಗಿಸಬೇಕು ಅನ್ನುವ ಗುರಿ ಇಟ್ಟರೆ ಅಜ್ಜಿಯ ಮೀನೂ ತಪ್ಪುತ್ತದೆ, ಒಂದೆಲಗವೂ ತಪ್ಪುತ್ತದೆ. ಮಳೆಗಾಲದ ಕಳಲೆ, ಹಲಸಿನ ಬೀಜ ನಮ್ಮ ಫಾರಂನಲ್ಲಿ ಇರಲೇ ಇಲ್ಲ, "ಇತರೆ" ಅಂತ ಬರೆಯುತ್ತಿದ್ದೆವು. ಊಟದ ಅರ್ಧ ಭಾಗ "ಇತರೆ" ಆದರೆ ಆ ಊರಿನ ಊಟ ಯಾರಿಗೆ ಕಾಣುತ್ತದೆ?

ಮೊನ್ನೆ ಅಂಗನವಾಡಿ ಟೀಚರ್ ತೂಕ ನೋಡಲು ಬಂದಿದ್ದರು. ತೂಕ ಬರೆದುಕೊಂಡು, "ಊಟ ಎಲ್ಲ ಸರಿ ಮಾಡ್ತಾಳಲ್ಲ?" ಅಂದರು. ನಾನು "ಅತ್ತೇ, ಸ್ವಲ್ಪ ಬನ್ನಿ" ಅಂತ ಕರೆದೆ. ಅಂಗಳದಲ್ಲಿ ಸುಲಿಯುತ್ತಿದ್ದ ಅಕ್ಕನೂ ಕೈ ಒರೆಸಿಕೊಂಡು ಎದ್ದು ಬಂದರು. ಟೀಚರ್ ಹೊರಡಲು ಚೀಲ ಹೆಗಲಿಗೆ ಹಾಕಿದ್ದರು. ಅತ್ತೆ ಶುರು ಮಾಡಿದರು, "ಬೆಳಿಗ್ಗೆ ಎದ್ದವಳು ಮೊದ್ಲು ನನ್ನ ಕಾಪಿ ಲೋಟಕ್ಕೆ ಕೈ ಹಾಕಿದ್ಲು. ಕೊಡ್ಲಿಲ್ಲ. ಒಂದು ಬಾಳೆಹಣ್ಣು ಸುಲಿದು ಕೊಟ್ಟೆ, ಅರ್ಧ ತಿಂದ್ಲು, ಅರ್ಧ ಕರುವಿಗೆ ಕೊಟ್ಲು..." ಟೀಚರ್ ಚೀಲ ಇಳಿಸಿ ಜಗಲಿಯ ಮೇಲೆ ಕೂತರು. ಅಕ್ಕ ನಡುವೆ ತಡೆದರು, "ಕರುವಿಗೆ ಕೊಟ್ಟಿದ್ದು ಸಿಪ್ಪೆ ಅಮ್ಮ. ಹಣ್ಣು ಪೂರ್ತಿ ತಿಂದಾಳೆ, ನಾ ನೋಡೀನಿ."